ಇನ್ನೇನು ಬಂದೇಬಿಡ್ತು

ಕೆಂಪು ಟವೆಲು, ಅಗೋ ತಿರುವಿನಲ್ಲಿ ಮಾಯವಾಯಿತು, ಇಲ್ಲ, ಅಲ್ಲಿದೆ, ಅಕ್ಕನ ಕುತ್ತಿಗೆಗೆ ಸುತ್ತಿದ್ದು, ಅವಳು ಮುಂದೆ ನಾನು ಹಿಂದೆ, ಹುಟ್ಟಿದಾಗಿನಿಂದ ಹೀಗೇ — ಕಾಯಿಲೆ ಅವಳದು, ಏದುಸಿರು ನನ್ನದು, ಇದ್ಯಾವ ನ್ಯಾಯ. ಇನ್‌ಸುಕ್, ಹೆಣ ಹೊತ್ತವಳ ಹಾಗೆ ಯಾಕೆ ನಡೀತೀಯೇ, ಬೇಗ ಬಾ. ಹೆಣ ಅನ್ನಬೇಡ ಅಕ್ಕ, ಇವತ್ತು ಬೇಡ — ಬಾಯಲ್ಲಿ ಬಂದದ್ದು ಮಾತ್ರ ಬಂದೆ ಬಂದೆ. ಗಾಳಿಯಲ್ಲಿ ಚಳಿ ಈಗಷ್ಟೇ ಕಾಲಿಟ್ಟಿದೆ, ಒಂದೇ ಒಂದು ಕೊಂಬೆ ಕೆಂಪಾಗಿದೆ, ಉಳಿದ ಕಾಡಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಸುದ್ದಿ — ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದರು, ಆ ಉದ್ದನೆ ಕಾರಿಡಾರು, ಯಾರದೋ ಚಪ್ಪಲಿ ಸದ್ದು, ನಿಮ್ಮಕ್ಕ ವಸಂತದವರೆಗೆ ಉಳಿಯುವುದು ಕಷ್ಟ, ಅವರಿಗೆ ಹೇಳುವುದು ಬಿಡುವುದು ಮನೆಯವರಿಗೆ ಸೇರಿದ್ದು ಅಂದರು, ಮನೆಯವರು ಅಂದರೆ ನಾನೊಬ್ಬಳೇ, ಒಳಗೆ ಹೋದವಳೇ ಹೊಟ್ಟೆಹುಣ್ಣಂತೆ ಅಕ್ಕ, ಖಾರ ಬಿಡ್ಬೇಕಂತೆ ಅಂದುಬಿಟ್ಟೆ. ಕಿಮ್ಚಿ ಉಪ್ಪಿನಕಾಯಿ ಇಲ್ದೆ ಊಟಾನಾ, ನಿನ್ನ ಡಾಕ್ಟರಿಗೆ ತಲೆ ಕೆಟ್ಟಿದೆ. ನಮ್ಮಲ್ಲಿ ಎಲ್ಲರೂ ಹೀಗೇ ಮಾಡುವುದು, ಅಮ್ಮನ ಕೊನೆ ಕಾಯಿಲೆಯಲ್ಲೂ ಹೀಗೇ ಮಾಡಿದೆವು, ಅಕ್ಕನೇ ಮುಂದೆ ನಿಂತು ಬರೀ ವಾತ ಕಣಮ್ಮಾ ಅಂದಿದ್ದಳು. ಮೊನ್ನೆ ಚುಸೋಕ್ ಹಬ್ಬದ ಕಡುಬು ಒಂದು ತಿಂದು ಅಕ್ಕ ಮಿಕ್ಕದ್ದು ನನ್ನ ತಟ್ಟೆಗೆ ತಳ್ಳಿದಳು, ವಸಂತಕ್ಕೆ ನಿನ್ನ ನೂಡಲ್ಸ್ ಅಂಗಡಿಗೆ ಬಣ್ಣ ಹೊಡೆಸೋಣ ಅಕ್ಕ ಅಂದರೆ, ನೋಡೋಣ, ಮೊದಲು ಹಲ್ಲಾ ಬೆಟ್ಟಕ್ಕೆ ಹೋಗೋಣ, ಮೇಲಿನ ಕೆರೆ ತುಂಬಿದ್ಯಂತೆ.

ಇಳಿದು ಬರುವವರು, ಕೈಯಲ್ಲಿ ಕೋಲು, ಅಮ್ಮಾ ಇನ್ನೇನು ಬಂದೇಬಿಡ್ತು, ಹತ್ತೇ ನಿಮಿಷ. ಕೆಳಗೆ ಸಿಕ್ಕವನೂ ಹತ್ತೇ ನಿಮಿಷ ಅಂದಿದ್ದ, ನಡುವೆ ಸಿಕ್ಕವಳೂ ಹತ್ತೇ ನಿಮಿಷ, ನಮ್ಮ ಬೆಟ್ಟಗಳಲ್ಲಿ ಇಳಿಯುವವರು ಹತ್ತುವವರಿಗೆ ಹೇಳುವುದು ಇದೊಂದೇ. ಸುಳ್ಳುಬುರುಕರು, ಅಕ್ಕ ನಗುತ್ತಾಳೆ, ಆದ್ರೂ ನಿಜ ಹೇಳಿದ್ರೆ ನೀನು ಆ ಕಲ್ಲ ಮೇಲೇ ಕೂತ್ಬಿಡ್ತಿದ್ದೆ. ನೋಡು, ಅವಳೇ ಹೇಳಿದಳು, ಮುಚ್ಚಿಟ್ಟದ್ದೇ ಸರಿ, ಸರಿಯೇ — ಹಾಗಾದರೆ ಮತ್ತೆ ಮತ್ತೆ ಯಾಕೆ ಹೇಳಿಕೊಳ್ಳುತ್ತಿದ್ದೇನೆ, ಕೆಂಪು ಟವೆಲು ನಿಂತಿತು, ಕೆಮ್ಮಿತು, ಮತ್ತೆ ಹೊರಟಿತು. ಅಯ್ಯೋ ಕೆರೆ, ಬಂದೇಬಿಟ್ಟಿತು, ಮಳೆನೀರು ಉಕ್ಕಿ ಹಲಗೆಯ ದಾರಿಯೇ ಮುಳುಗಿದೆ, ಎಲ್ಲರೂ ಶೂ ಕೈಯಲ್ಲಿ ಹಿಡಿದು ದಾಟುತ್ತಿದ್ದಾರೆ, ಅಕ್ಕನೂ ಪ್ಯಾಂಟು ಮಡಚಿದಳು, ಎಷ್ಟು ಬಡಕಲಾಗಿವೆ ಆ ಕಾಲು, ಯಾವಾಗ ಹೀಗಾದವು, ನಾನು ಎಲ್ಲಿದ್ದೆ. ನೀರು ಐಸಿನ ಹಾಗೆ. ಸೌತೆಕಾಯಿ ಮುರಿದು ನನ್ನ ಬಾಯಿಗೆ ತುರುಕುತ್ತಾಳೆ, ತಿನ್ನು, ದಾರಿಯುದ್ದಕ್ಕೂ ದಾಹ ದಾಹ ಅಂತಿದ್ದೆ. ಹಿಂದೆ ದಡದಲ್ಲಿ ಯಾರೋ ಹುಡುಗಿ, ಅಮ್ಮಾ, ಆಚೆ ದಡ ತುಂಬಾ ದೂರಾನಾ, ಅಕ್ಕ ಕೂಗುತ್ತಾಳೆ, ಇಲ್ಲೇ ಕಣಮ್ಮಾ, ಇನ್ನೇನು ಬಂದೇಬಿಡ್ತು. ಮತ್ತೆ ನನ್ನ ಕಡೆ ತಿರುಗದೆ, ಮೆಲ್ಲಗೆ, ಅವತ್ತು ನಾನು ವಾತ ಅಂದ್ನಲ್ಲ, ಅಮ್ಮ ನಂಬಿರ್ಲಿಲ್ಲ ಕಣೇ, ನಂಬಿದ ಹಾಗೆ ಇದ್ದಳು, ನನಗೋಸ್ಕರ. ನನ್ ಕೈಲಿ ಹಾಗೆ ಇರಕ್ಕಾಗಲ್ಲ. ನನ್ನ ದಾರಿ ಇನ್ನೆಷ್ಟಿದೆ ಇನ್‌ಸುಕ್, ನೀನಾದ್ರೂ ಹತ್ತು ನಿಮಿಷ ಅನ್ಬೇಡ — ಬಾಯಿ ತುಂಬ ಸೌತೆಕಾಯಿ, ಅಗಿಯಲಾರೆ, ಉಗುಳಲಾರೆ, ಕಾಲು ಮರಗಟ್ಟಿದೆ, ಮುಂದೆ ಕೆಂಪು ಟವೆಲು, ನೀರಿನಲ್ಲಿ ಇನ್ನೊಂದು ಕೆಂಪು ಟವೆಲು, ಎರಡೂ ಕಾಯುತ್ತಿವೆ, ಹೇಳಬೇಕು, ಕೆಂಪು ಟವೆಲು, ಅಲುಗುತ್ತಿಲ್ಲ, ಕೆಂಪು ಟವೆಲು