ಭೇಟಿ ಕೋಣೆಯ ಆನೆ

"ಈ ಆನೆ ಕಿವಿ ಕಚ್ಚಿ ತಿಂದ ಪುಣ್ಯಾತ್ಮ ಯಾರಪ್ಪಾ?"

ಕೋಣೆಯಲ್ಲಿ ಯಾರೂ ಇರಲಿಲ್ಲ. ಕಸದವಳು ಕೇಳಿದ್ದು ಗೋಡೆಯನ್ನು. ಗಂಡ ಹೆಂಡತಿ ಬೇರೆಯಾದ ಮೇಲೆ, ಮಗು ಕೈತಪ್ಪಿದವರಿಗೆ ಒಂದು ಗಂಟೆ ಅದನ್ನು ತೋರಿಸುವ ಕೋರ್ಟಿನ ಕೋಣೆ ಅದು. ಅಲ್ಲಿನ ಆಟಿಕೆಗಳಿಗೆ ಅಂಟಿದ ಜೊಲ್ಲು, ಸಿಂಬಳ, ಕಣ್ಣೀರನ್ನೆಲ್ಲ ದಿನವೂ ಒರೆಸುವವಳು ಅವಳೇ. ಇವತ್ತು ಮಾತ್ರ ಒಂದೊಂದನ್ನೂ ದೇವರ ಸಾಮಾನಿನ ಹಾಗೆ ಬೆಳಗಿದಳು. ಇವತ್ತು ಬರುವುದು ಅವಳದೇ ಮಗಳು.

ಪೊರಕೆ ಇಡುವ ಗೂಡಿನಲ್ಲಿ ನೀಲಿ ಕೋಟು ಬಿಚ್ಚಿ ಮೊಳೆಗೆ ಸಿಕ್ಕಿಸಿ, ಮಡಿಕೆ ಮುರಿಯದ ಸೀರೆ ಉಟ್ಟು, ಫಿನಾಯಿಲ್ ವಾಸನೆ ಹೋಗಲೆಂದು ಕೈ ಉಜ್ಜಿ ಉಜ್ಜಿ ತೊಳೆದು ಬರುವಷ್ಟರಲ್ಲಿ ಗಂಡ ಮಗುವನ್ನು ತಂದಿದ್ದ.

"ತಗೋ, ನಿನ್ ರಾಣಿ. ಟೈಮಾದ ತಕ್ಷಣ ವಾಪಸ್ ಕೊಡ್ಬೇಕು" ಎಂದು ಬಾಗಿಲಿಗೇ ಆತು ನಿಂತ.

ಮಗಳ ತಲೆ ಸಿಕ್ಕುಗಟ್ಟಿ ಹಕ್ಕಿಗೂಡಾಗಿತ್ತು. ತೊಡೆಯ ಮೇಲೆ ಕೂರಿಸಿಕೊಂಡು ಬಾಚಣಿಗೆ ತೆಗೆದಳು.

"ಅಮ್ಮಾ, ನೀನು ಕೋರ್ಟಲ್ಲೇ ಕೆಲ್ಸ ಮಾಡೋದಾ? ಜಡ್ಜಾ?"

"ಜಡ್ಜಿಗಿಂತ ಮುಂಚೆ ಬರ್ತೀನಿ ಕಣವ್ವಾ. ನಾನು ಬಾಗಿಲು ತೆಗೀದಿದ್ರೆ ಅವ್ರೂ ಹೊರಗೇ."

ಮಗಳು ಕಿಲಕಿಲ ನಕ್ಕಳು. "ಈ ಆನೆಗೆ ಕಿವಿ ಯಾಕಿಲ್ಲ?"

"ಇಲ್ಲಿ ಆಡೋ ಮಾತು ಕೇಳೀ ಕೇಳೀ ಉದುರೋಯ್ತು."

ಒಂದು ಜಡೆ ಮುಗಿದಿತ್ತು. ಇನ್ನೊಂದು ಅರ್ಧಕ್ಕೆ ಬಂದಿತ್ತು. ಭೇಟಿಯ ಮೇಲೆ ಕಣ್ಣಿಡಲು ಮೇಜಿನ ಹಿಂದೆ ಕೂತಿದ್ದ ಕೋಣೆಯ ಸಾಹೇಬ ಫೈಲು ಎಳೆಯಲು ಹೋಗಿ ತನ್ನ ಚಹಾ ತಾನೇ ನೆಲಕ್ಕೆ ಚೆಲ್ಲಿಕೊಂಡ.

"ಏಯ್ ಇವಳೇ, ಒರಸು ಬಾ."

"ಅರ್ಧ ದಿನ ರಜಾ ಹಾಕಿದೀನಿ ಸ್ವಾಮಿ. ಮಗು ಜಡೆ..."

"ಸೀರೆ ಉಟ್ಟ ತಕ್ಷಣ ಮಹಾರಾಣಿ ಆಗ್ಬಿಟ್ಯಾ, ಮುಂಡೇದೇ? ಇವಳಿಗೆ ಕೆಲ್ಸ ಇದೆ ಅಂತ ನಾಳೆ ಜಡ್ಜ್ ಮುಂದೆ ಹೇಳೋನು ಯಾರು? ನಿಮ್ಮಪ್ಪನಾ?"

ಕೆಲಸ ಗಟ್ಟಿಯಿದ್ದರೆ ಮಾತ್ರ ಮಗಳು ಸಿಗುತ್ತಾಳೆ ಎಂದು ಜಡ್ಜು ಹೇಳಿಯಾಗಿತ್ತು. ಕೂತರೆ ಆ ಕೆಲಸ ಹೋಗುತ್ತದೆ. ಎದ್ದರೆ, ಮಗುವನ್ನು ಇಳಿಸಿ ಎದ್ದುಹೋದಳೆಂದು ಬಾಗಿಲಲ್ಲಿರುವವನು ಸಾಕ್ಷಿ ನುಡಿಯುತ್ತಾನೆ. ಅತ್ತ ದರಿ, ಇತ್ತ ಪುಲಿ. ಅವಳ ಕೈ ಕೂದಲಲ್ಲೇ ನಿಂತಿತು. ದೇವರೇ, ಈ ಜಡೆಯೊಂದು ಮುಗಿಯಲಿ.

ಮಗಳು ಸರಕ್ಕನೆ ಜಾರಿ ಇಳಿದಳು. ಮೂಲೆಯ ಬಕೆಟ್ಟಿನಿಂದ ಒರೆಸುವ ಬಟ್ಟೆ ಎಳೆದು ತಂದು ಸಾಹೇಬನ ಕಾಲಬುಡದಲ್ಲಿ ಮಂಡಿಯೂರಿದಳು.

"ಅಮ್ಮಂಗೆ ಬೈಬೇಡಿ. ನಾನು ಒರಸ್ತೀನಿ."

ಸಾಹೇಬ ಹೊಟ್ಟೆ ಕುಲುಕಿಸಿ ನಕ್ಕ. "ನೋಡಯ್ಯಾ! ನೂಲಿನಂತೆ ಸೀರೆ, ತಾಯಿಯಂತೆ ಮಗಳು!" ಬಾಗಿಲಲ್ಲಿದ್ದವನೂ ಹಲ್ಲು ಕಿರಿದ. ಸಾಹೇಬ ಬೂಟು ಎತ್ತಿ ತೋರಿಸಿದ. "ಇಲ್ಲೂ ಇದೆ ನೋಡು ಪುಟ್ಟಿ, ಬೂಟಿನ ಅಡೀಲಿ."

ಅವಳು ಎದ್ದು ಬಂದಳು. ಮಗಳ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಸೆರಗಿನಿಂದ ಒರೆಸಿದಳು, ಬೆಳಿಗ್ಗೆ ಆಟಿಕೆ ಒರೆಸಿದ್ದಷ್ಟೇ ಜತನದಿಂದ. ಅರ್ಧ ಹೆಣೆದ ಜಡೆ ಬಿಚ್ಚಿಕೊಳ್ಳುತ್ತಿತ್ತು.

"ಹ್ಞಾಂ, ಈಗ ಬಂತು ಬುದ್ಧಿ" ಎಂದ ಸಾಹೇಬ. "ಬೇಗ ಒರಸು."

"ಒರಸಲ್ಲ."