ಅಪ್ಪ ತೆಗೆದ ರಕ್ತ

ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಸುಳ್ಳು ಹೇಳಿದರೆ ಅದಕ್ಕೆ ಮಾತ್ರೆಯನ್ನೂ ತಂದುಕೊಡಬೇಕಾಗುತ್ತದೆ. ಗುಬ್ಬಿಯ ಅಪ್ಪನಿಗೆ ಆದದ್ದು ಅದೇ.

ಆತ ಕ್ರೋಮೋಸೋಮ್ ಪರೀಕ್ಷಿಸುವ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತದ ಕಣಗಳನ್ನು ಬೆಳೆಸಿ, ಒಡೆದು, ಬಣ್ಣ ಹಚ್ಚಿ, ಚೆಲ್ಲಾಪಿಲ್ಲಿಯಾಗಿ ಬಿದ್ದ ಕ್ರೋಮೋಸೋಮುಗಳನ್ನು ಪರದೆಯ ಮೇಲೆ ಜೋಡಿ ಜೋಡಿಯಾಗಿ ನಿಲ್ಲಿಸುವುದು ಅವನ ಕೆಲಸ. ಕೊನೆಯ ಜೋಡಿಯಲ್ಲಿ ಎರಡೂ ಎಕ್ಸ್ ಇದ್ದರೆ ಹೆಣ್ಣು, ಎಕ್ಸ್ ಪಕ್ಕದಲ್ಲಿ ಗಿಡ್ಡ ವೈ ಇದ್ದರೆ ಗಂಡು ಎಂದು ಬರೆಯುತ್ತಾನೆ. ಜೋಡಿಸಿ ಜೋಡಿಸಿ, ತನ್ನ ಕೈಗೆ ಸಿಕ್ಕಿದ್ದೆಲ್ಲ ಸರಿಹೋಗುತ್ತದೆಂಬ ಸಣ್ಣ ಜಂಬವೂ ಬಂದಿತ್ತು.

ಮನೆಯಲ್ಲಿರುವವರು ಅಪ್ಪ ಮತ್ತು ಗುಬ್ಬಿ ಇಬ್ಬರೇ. ಮಗನೆಂದೇ ಬೆಳೆಸಿದ ಗುಬ್ಬಿ, ಕಾಲೇಜು ಸೇರಿದ ವರ್ಷ ಅಡುಗೆಮನೆಯ ಕಟ್ಟೆಯ ಮೇಲೆ ಕೂತು, "ಅಪ್ಪಾ, ನಾನು ಹುಡುಗಿ. ಚಿಕ್ಕವಳಿದ್ದಾಗಿಂದ್ಲೂ ನಂಗೆ ಗೊತ್ತು. ನಿಂಗೆ ಈಗ ಹೇಳ್ತಿದೀನಿ ಅಷ್ಟೆ" ಅಂದಳು.

ಅಪ್ಪ ಕೂಗಾಡಲಿಲ್ಲ. "ಆಯ್ತು ಬಿಡು" ಎಂದೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ, "ಬಿಳಿಚ್ಕೊಂಡಿದೀಯ. ರಕ್ತ ಕಮ್ಮಿ ಆಗಿರ್ಬೇಕು, ನೋಡಿಬಿಡೋಣ" ಅಂದ. ಸೂಜಿಯೆಂದರೆ ಹೆದರಿ ಸಾಯುವ ಗುಬ್ಬಿ ತೋಳು ಚಾಚಿ, ಮುಖ ಆ ಕಡೆ ತಿರುಗಿಸಿಕೊಂಡಳು.

ಲ್ಯಾಬಿನಲ್ಲಿ ರೋಗಿಗಳ ರಕ್ತದ ಜೊತೆ ಆರೋಗ್ಯವಂತರೊಬ್ಬರ ರಕ್ತವನ್ನೂ ಬೆಳೆಸುತ್ತಾರೆ, ಕೆಲಸ ಸರಿಯಾಗಿದೆಯೇ ಎಂದು ನೋಡಲು. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಅಪ್ಪ ಮಗಳ ರಕ್ತವನ್ನು ಆ ಜಾಗಕ್ಕೆ ಸೇರಿಸಿಬಿಟ್ಟ. ಒಳಗೊಳಗೇ ಅವನಿಗೆ ಎರಡು ಆಸೆ. ಏನಾದರೂ ವಿಚಿತ್ರ ಕಂಡರೆ ನೆಂಟರಿಗೆ ಹೇಳಲು ಒಂದು ಕಾರಣ ಸಿಕ್ಕೀತು. ಕಾಣದಿದ್ದರೆ ಗುಬ್ಬಿಯ ಬಾಯಿ ಮುಚ್ಚಿಸಬಹುದು. ಎಂಥ ಅಪ್ಪನಪ್ಪಾ ಇವನು ಎಂದು ನಿಮಗನ್ನಿಸಿದರೆ, ಅವನಿಗೂ ಹಾಗೇ ಅನ್ನಿಸಿತು. ಅನ್ನಿಸುವಷ್ಟರಲ್ಲಿ ಕೊನೆಯ ಜೋಡಿ ಪರದೆಯ ಮೇಲೆ ಬಂದಿತ್ತು.

ಎಕ್ಸ್. ಪಕ್ಕದಲ್ಲಿ ಗಿಡ್ಡ ವೈ. ಯಾವ ವಿಚಿತ್ರವೂ ಇಲ್ಲ. ಗೆದ್ದೆ ಅನ್ನಿಸಬೇಕಿತ್ತು, ಕದ್ದೆ ಅನ್ನಿಸಿತು.

ಪಕ್ಕದ ಮೇಜಿನ ಸಹೋದ್ಯೋಗಿ ಇಣುಕಿ, "ಕಂಟ್ರೋಲ್ ಚೆನ್ನಾಗಿ ಬಂದಿದೆ. ಯಾರ್ದು?" ಎಂದು ಕೇಳಿದಳು.

"ಗೊತ್ತಿರೋರ್ದು."

"ಒಪ್ಪಿಗೆ ತಗೊಂಡಿದೀರಲ್ಲ?"

"ಹೂಂ" ಅಂದ. ಕಿವಿ ಬಿಸಿಯಾಯಿತು.

ಮನೆಗೆ ಬಂದರೆ ಗುಬ್ಬಿ ಬಾಗಿಲಲ್ಲೇ ಹಿಡಿದಳು. "ರಕ್ತ ಹೇಗಿದೆಯಪ್ಪಾ?" ಸ್ವಲ್ಪ ಕಮ್ಮಿ ಎಂದ. ಹೇಳಿದ ಮೇಲೆ ಕಬ್ಬಿಣದ ಮಾತ್ರೆ ತಂದುಕೊಡದೆ ವಿಧಿಯಿರಲಿಲ್ಲ. ಅವಳು ದಿನಾ ತಪ್ಪದೆ ನುಂಗಿದಳು. ಮಾತ್ರೆಗೆ ಅವಳ ಹೊಟ್ಟೆ ತಿರುಚುತ್ತಿತ್ತು.

ಒಂದು ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡೇ ಅವಳು ನಕ್ಕಳು. "ನಾನು ಹೇಳಿದ್ಮೇಲೆ ನೀನು ಮನೆ ಬಿಟ್ಟು ಹೋಗು ಅಂತೀಯೇನೋ ಅಂದ್ಕೊಂಡಿದ್ದೆ. ನೀನು ನೋಡಿದ್ರೆ ನನ್ನ ರಕ್ತದ ಚಿಂತೆ ಮಾಡ್ದೆ. ನನ್ನ ಫ್ರೆಂಡ್ಸಿಗೆಲ್ಲ ಹೇಳಿದೀನಿ, ನಮ್ಮಪ್ಪನ ಥರ ಯಾರಿಗೂ ಇಲ್ಲ ಅಂತ."

ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅವಳ ಕೈಯಿಂದ ಮಾತ್ರೆ ಕಿತ್ತುಕೊಂಡು, ನೆಲ ನೋಡುತ್ತಾ ಎಲ್ಲ ಹೇಳಿದ.

ಗುಬ್ಬಿ ನೀರಿನ ಲೋಟ ಕೆಳಗಿಟ್ಟಳು. "ಏನು ಬಂತು?"

"ಎಕ್ಸ್, ವೈ."

"ಅದು ನಂಗೂ ಗೊತ್ತಿತ್ತಲ್ಲಪ್ಪಾ. ನಾನು ಯಾವತ್ತು ಅಲ್ಲ ಅಂದೆ? ಅದಿದ್ರೂ ನಾನು ಹುಡುಗಿ ಅಂತಾನೇ ಹೇಳಿದ್ದು." ದನಿ ಏರಲಿಲ್ಲ. "ಕೇಳಿದ್ರೆ ರಕ್ತ ನಾನೇ ಕೊಡ್ತಿದ್ದೆ."

ತಪ್ಪಾಯಿತು ಮಗಳೇ ಅಂದ. ಮಗಳೇ ಎಂಬ ಮಾತು ಮೊದಲ ಸಲ ಅವನ ಬಾಯಿಗೆ ಬಂದದ್ದು ಆಗ. ಅವಳು ಕೇಳಿಸಿಕೊಂಡಳು, ತಲೆಯಾಡಿಸಿದಳು, ಕಾಲೇಜಿಗೆ ಹೋದಳು.

ಜಗಳವೇನೂ ಆಗಲಿಲ್ಲ. ಊಟಕ್ಕೆ ಒಟ್ಟಿಗೇ ಕೂರುತ್ತಿದ್ದರು. ಆಮೇಲೆ ಒಂದು ದಿನ ಗುಬ್ಬಿಗೆ ಜ್ವರ ಬಂತು. ಹೊದ್ದು ಮಲಗಿದ್ದವಳ ಹಣೆ ಮುಟ್ಟಲು ಅಪ್ಪ ಕೈ ಚಾಚಿದ. ಅವಳು ಕಣ್ಣು ಬಿಟ್ಟು ಆ ಕೈಯನ್ನು ನೋಡಿದಳು.

"ಏನು ನೋಡೋಕೆ?" ಎಂದು ಕೇಳಿದಳು.