ಕೇಳಿದ್ದಕ್ಕಿಂತ ಹೆಚ್ಚು

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡಿ ನಿವೃತ್ತರಾದವರು. ಪಾಠ ಎಲ್ಲಿಂದ ಶುರುವಾದರೂ ಸುತ್ತಿ ಬಳಸಿ ಹಕ್ಕಿನ ಹತ್ತಿರ ಬಂದು ನಿಲ್ಲುತ್ತಿತ್ತು ಎಂದು ಮಕ್ಕಳು ಇಟ್ಟ ಹೆಸರು ಹಕ್ಕು ಮೇಡಂ. ಕೆಲಸ ಬಿಟ್ಟರೂ ಹೆಸರು ಬಿಡಲಿಲ್ಲ. ಹಾಲು ಹಾಕುವವನಿಂದ ಹಿಡಿದು ಅಂಚೆಯವನ ತನಕ ಎಲ್ಲರಿಗೂ ಅವರು ಹಕ್ಕು ಮೇಡಂ. ಅವರಿಗೂ ಅದು ಒಳಗೊಳಗೇ ಹಿತವಾಗಿತ್ತು.

ಪತ್ರಿಕೆಯೊಂದರಲ್ಲಿ ವಾರಕ್ಕೊಂದು ಅಂಕಣ ಬರೆಯುತ್ತಿದ್ದರು. ಸರ್ಕಾರ ರಸ್ತೆ ಹಾಕಲಿ, ನೀರು ಬಿಡಲಿ, ಕಳ್ಳರನ್ನು ಹಿಡಿಯಲಿ. ಅಲ್ಲಿಗೆ ಅದರ ಕೆಲಸ ಮುಗಿಯಿತು, ಜನರ ಹೊಸ್ತಿಲ ಆಚೆ ನಿಲ್ಲಲಿ ಎಂಬುದು ಅವರ ಗಟ್ಟಿ ಅಭಿಪ್ರಾಯ. ಪ್ರತಿ ಮೂಲೆಗೂ ಮುಖ ಗುರುತಿಸುವ ಕ್ಯಾಮೆರಾ ಹಾಕಬೇಕೆಂದು ನಗರಸಭೆ ಹೊರಟಾಗ, ತಪ್ಪು ಮಾಡದವರಿಗೆ ಭಯ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಮೇಡಂ ಬರೆದರು: 'ಮುಚ್ಚಿಡುವುದೆಲ್ಲ ಅಪರಾಧವಲ್ಲ. ಯಾರಿಗೂ ಕೆಡುಕು ಮಾಡದೆ ಒಂದು ಸಂಗತಿಯನ್ನು ತನ್ನೊಳಗೇ ಇಟ್ಟುಕೊಳ್ಳುವ ಹಕ್ಕು ಪ್ರತಿಯೊಬ್ಬ ಮನುಷ್ಯನಿಗೂ ಇದೆ.' ಆ ಬರಹ ಊರೆಲ್ಲ ಓಡಾಡಿತು. ಗ್ರಂಥಾಲಯದ ಗೋಡೆಗೂ ಯಾರೋ ಅಂಟಿಸಿದರು. ಕ್ಯಾಮೆರಾದ ಯೋಜನೆ ಮೂಲೆ ಸೇರಿತು.

ಅವರದೇ ಮನೆಯ ಬಾಗಿಲಿಗೆ ಕ್ಯಾಮೆರಾ ಬಂದದ್ದು ಅದಾದ ಮರುವರ್ಷ. ತಂದವರು ಜೊತೆಯಲ್ಲೇ ಇದ್ದ ತಂಗಿ. ಗೇಟಿನ ಬಳಿ ಇಟ್ಟ ಹೂಕುಂಡಗಳನ್ನು ಯಾರೋ ಒಂದೊಂದಾಗಿ ಎತ್ತಿಕೊಂಡು ಹೋಗುತ್ತಿದ್ದರು.

"ನಿನ್ನ ಸಿದ್ಧಾಂತ ನೀನು ಇಟ್ಕೋ ಅಕ್ಕ, ನನ್ನ ಕುಂಡ ನಾನು ಇಟ್ಕೋತೀನಿ," ಎಂದು ತಂಗಿ ಕರೆಗಂಟೆಯ ಜಾಗದಲ್ಲಿ ಕಣ್ಣಿರುವ ಗಂಟೆ ಕೂರಿಸಿಯೇ ಬಿಟ್ಟರು.

ಮೇಡಂ ಒಂದಷ್ಟು ದಿನ ಮುಖ ಊದಿಸಿಕೊಂಡರು. ಆಮೇಲೆ, ಅದು ಸರ್ಕಾರದ್ದಲ್ಲ, ನಮ್ಮ ಮನೆಯದು ಎಂದು ಸಮಾಧಾನ ಮಾಡಿಕೊಂಡರು. ಇನ್ನೂ ಆಮೇಲೆ, ಮಧ್ಯಾಹ್ನದ ಹೊತ್ತು ಕುರ್ಚಿಯಲ್ಲಿ ಒರಗಿ ಫೋನಿನಲ್ಲಿ ಬೀದಿ ನೋಡುವುದು ರೂಢಿಯಾಯಿತು. ಯಾರ ನಾಯಿ ಯಾರ ಗೇಟಿನ ಮುಂದೆ ಕಾಲೆತ್ತುತ್ತದೆ ಎಂಬುದೆಲ್ಲ ಅವರಿಗೆ ತಿಳಿಯತೊಡಗಿತು. ಕುಂಡದ ಕಳ್ಳ ಮಾತ್ರ ಸಿಗಲಿಲ್ಲ.

ಬೀದಿಯ ಕೊನೆಯಲ್ಲಿದ್ದ ಔಷಧಿ ಅಂಗಡಿಯ ಬೀಗ ಒಡೆದದ್ದು ಚಳಿ ಶುರುವಾದ ಹೊಸತರಲ್ಲಿ. ಬೆಳಕು ಹರಿಯುವ ಹೊತ್ತಿಗೆ ಯಾರೋ ಒಳನುಗ್ಗಿ ನಿದ್ದೆ ಮಾತ್ರೆಗಳ ಪೆಟ್ಟಿಗೆಗಳನ್ನೇ ಹೊತ್ತೊಯ್ದಿದ್ದರು. ಸಂಜೆ ಇನ್‌ಸ್ಪೆಕ್ಟರ್ ಮನೆ ಬಾಗಿಲಿಗೆ ಬಂದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ.

"ಗುರುತು ಸಿಕ್ತಾ ಮೇಡಂ? ಕೊನೇ ಬೆಂಚು. ಪರೀಕ್ಷೇಲಿ ನೀವು ನನ್ನ ಉತ್ತರ ಪತ್ರಿಕೆ ಮೇಲೆ 'ಅಕ್ಷರ ದುಂಡಗಿದೆ, ವಿಷಯ ಇಲ್ಲ' ಅಂತ ಬರ್ದಿದ್ರಿ."

ಮೇಡಂ ನಕ್ಕರು. ಒಳಗೆ ಕರೆದು ಕೂರಿಸಿದರು. ಹೇಳುವವರೆಗೆ ಕೂರದೆ ನಿಂತಿದ್ದ ಅವನ ವಿನಯ ಅವರ ಮನಸ್ಸಿಗೆ ತಟ್ಟಿತು. ತಂಗಿ ಚಹಾ ತಂದರು. ಅವನು ಚಹಾ ಕುಡಿದು ಮುಗಿಸಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ.

"ನಿಮ್ಮ ಬಾಗಿಲ ಕ್ಯಾಮೆರಾದಲ್ಲಿ ಇವತ್ತು ಬೆಳಗಿನ ಜಾವದ್ದು ಸಿಕ್ಕಿದ್ರೆ ಸಹಾಯ ಆಗ್ತಿತ್ತು ಮೇಡಂ. ಇವತ್ತಿಂದು ಮಾತ್ರ."

"ಕೋರ್ಟಿನ ಆದೇಶ ತಂದಿದ್ದೀಯೇನಪ್ಪ?" ಎಂದರು ಮೇಡಂ ನಗುತ್ತಲೇ.

"ನೀವು ಕಲ್ಸಿದ್ದು ಮರ್ತಿಲ್ಲ. ತನ್ನಿ ಅಂದ್ರೆ ತರ್ತೀನಿ. ನಾಳೆ ನಾಡಿದ್ದು ಆಗುತ್ತೆ ಅಷ್ಟೆ."

ತನ್ನಿ ಎನ್ನಬಹುದಿತ್ತು. ಅವನು ಬೇಸರವಿಲ್ಲದೆ ಎದ್ದು ಹೋಗುತ್ತಿದ್ದ. ಆದರೆ ಅಷ್ಟು ಮರ್ಯಾದೆಯಿಂದ ಕೂತಿದ್ದ ಹುಡುಗನಿಗೆ ಇಲ್ಲ ಎನ್ನಲು ಮೇಡಂಗೆ ನಾಲಗೆ ಏಳಲಿಲ್ಲ. ಫೋನು ತೆಗೆದರು. ಒಂದೇ ದಿನದ್ದನ್ನು ಬೇರೆ ಮಾಡಿ ಕಳಿಸುವುದು ಹೇಗೆಂದು ತಿಳಿಯಲಿಲ್ಲ. ತಂಗಿ ಅಷ್ಟರಲ್ಲಿ ಅಂಗಡಿಗೆ ಹೋಗಿದ್ದರು. ಗೊತ್ತಿಲ್ಲ ಎಂದು ಹಳೆಯ ವಿದ್ಯಾರ್ಥಿಯ ಎದುರು ಹೇಳಿಕೊಳ್ಳಲು ನಾಚಿಕೆಯಾಗಿ, ಪಾಸ್‌ವರ್ಡನ್ನೇ ಹೇಳಿಬಿಟ್ಟರು.

"ಎಲ್ಲಾ ಅದರಲ್ಲೇ ಇದೆ. ಬೇಕಾದ್ದು ನೋಡ್ಕೋಪ್ಪ."

ಅವನು ಕೈಮುಗಿದು ಹೋದ. ಸಮಾಜಕ್ಕೆ ಒಂದು ಉಪಕಾರ ಮಾಡಿದೆನೆಂಬ ಭಾವದಲ್ಲಿ ಮೇಡಂ ಆ ದಿನ ಚೆನ್ನಾಗಿ ಊಟ ಮಾಡಿದರು.

ಎದುರು ಮನೆಯಲ್ಲಿ ಬಸ್ ಡ್ರೈವರ್ ಇದ್ದ. ಹೆಂಡತಿ, ಶಾಲೆಗೆ ಹೋಗುವ ಮಗಳು. ಮಾತು ಕಡಿಮೆ, ಸಿಕ್ಕಾಗ ತಲೆಬಾಗಿಸಿ ಹೋಗುವ ಮನುಷ್ಯ. ಎರಡು ದಿನ ಕಳೆದು ಪೊಲೀಸರ ಜೀಪು ಆ ಮನೆಯ ಮುಂದೆ ನಿಂತಿತು. ಸಮವಸ್ತ್ರ ಹಾಕಿ ಡ್ಯೂಟಿಗೆ ಹೊರಟಿದ್ದವನನ್ನು ಹತ್ತಿಸಿಕೊಂಡರು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಅವನ ಹೆಂಡತಿ ಬರಿಗಾಲಲ್ಲಿ ಗೇಟಿನ ತನಕ ಓಡಿ ಬಂದು, ಅಷ್ಟೊಂದು ಕಣ್ಣು ಕಂಡು, ಹಿಂದೆ ಸರಿದು ಕದ ಹಾಕಿಕೊಂಡಳು. ಮೇಡಂ ಅದನ್ನು ಕಿಟಕಿಯಿಂದ ನೋಡಲಿಲ್ಲ, ಫೋನಿನಲ್ಲಿ ನೋಡಿದರು.

ಸಂಗತಿ ತಿಳಿದದ್ದು ತಂಗಿಯಿಂದ. ಡ್ರೈವರನ ಹೆಂಡತಿಯ ಹತ್ತಿರ ಹೋಗಿ ಕೂತು ಬಂದ ಅವರ ಮುಖ ಸಪ್ಪಗಿತ್ತು.

"ಎಷ್ಟೋ ದಿನಗಳ ವಿಡಿಯೊ ಇದೆಯಂತೆ ಪೊಲೀಸರ ಹತ್ರ. ವಾರದಲ್ಲಿ ಕೆಲವು ದಿನ ಇವನು ನಸುಕಿನಲ್ಲೇ ಮುಖ ಮುಚ್ಚೋ ಹಾಗೆ ಟೋಪಿ ಎಳ್ಕೊಂಡು ಹೋಗ್ತಾನೆ, ಬೆಳಗಾದ ಮೇಲೆ ಬರ್ತಾನೆ. ಹೆಂಡ್ತಿಗೆ ಹೆಚ್ಚುವರಿ ಡ್ಯೂಟಿ ಅಂತ ಹೇಳ್ತಿದ್ದನಂತೆ. ಡಿಪೋದಲ್ಲಿ ಕೇಳಿದ್ರೆ ಅಂಥ ಡ್ಯೂಟಿನೇ ಇಲ್ಲ."

ಮೇಡಂ ಕೈಯಲ್ಲಿದ್ದ ಫೋನನ್ನು ಬೋರಲು ಇಟ್ಟರು.

"ನಮ್ಮ ಕ್ಯಾಮೆರಾದ್ದು ತಾನೆ ಅಕ್ಕ?"

"ನಾನು ಒಂದು ದಿನದ್ದೇ ಅಂದ್ಕೊಂಡೆ," ಎಂದರು ಮೇಡಂ. ಹೇಳುವಾಗಲೇ ಅದು ಸುಳ್ಳೆಂದು ಅವರಿಗೆ ತಿಳಿದಿತ್ತು.

ಡ್ರೈವರ್ ಮೊದಲು ಬಾಯಿ ಬಿಡಲಿಲ್ಲವಂತೆ. ಠಾಣೆಯ ಬೆಂಚಿನ ಮೇಲೆ ಆ ಹಗಲು, ಆ ರಾತ್ರಿ ಕೂತ. ಮಾರನೆಯ ದಿನ ಬೇರೆ ದಾರಿ ಕಾಣದೆ ಹೇಳಿದ. ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗಿ ಸೇರುವ ಒಂದು ಗುಂಪಿತ್ತು. ಕೆಲಸಕ್ಕೆ ಹೋಗುವವರಿಗೆಂದು ನಸುಕಿನಲ್ಲಿ ಸಭೆ. ಕಳ್ಳತನವಾದ ಹೊತ್ತಿಗೆ ಅವನು ಅಲ್ಲಿ ಕುರ್ಚಿಗಳನ್ನು ಜೋಡಿಸುತ್ತಿದ್ದ. ಗುಂಪಿನ ಹಿರಿಯರು ಬಂದು ಹೌದೆಂದರು. ಅವನನ್ನು ಬಿಟ್ಟರು. ಆ ವಾರದೊಳಗೆ ನಿಜವಾದ ಕಳ್ಳನೂ ಇನ್ನೊಂದು ಅಂಗಡಿಯಲ್ಲಿ ಸಿಕ್ಕಿಬಿದ್ದ.

ಆದರೆ ಬಾಯಿಂದ ಹೊರಬಿದ್ದದ್ದು ಒಳಗೆ ಹೋಗಲಿಲ್ಲ. ಮದುವೆಗೆ ಮುಂಚೆಯೇ ಕುಡಿತ ಬಿಟ್ಟೆನೆಂದು ಹೆಂಡತಿಗೆ ಹೇಳಿದ್ದವನು ನಿಜವಾಗಿ ಬಿಟ್ಟದ್ದು ಹಿಂದಿನ ವರ್ಷ ಎಂಬುದು ಅವಳಿಗೂ ತಿಳಿಯಿತು. ಅವನ ಮಾತು ನಿಜವೇ ಎಂದು ಕೇಳಲು ಪೊಲೀಸರು ಡಿಪೋಗೆ ಫೋನು ಮಾಡಿದ್ದರಿಂದ ಅಲ್ಲಿಗೂ ಸುದ್ದಿ ಮುಟ್ಟಿತು. ಅವನನ್ನು ಬಸ್ಸಿನಿಂದ ಇಳಿಸಿ ಟೈರು ಶೆಡ್ಡಿಗೆ ಹಾಕಿದರು.

ಮೇಡಂ ಇನ್‌ಸ್ಪೆಕ್ಟರಿಗೆ ಫೋನು ಮಾಡಿದರು. ತರಗತಿಯ ಧ್ವನಿಯಲ್ಲೇ ಮಾತು ಶುರುಮಾಡಿದರು.

"ಒಂದು ದಿನದ್ದು ಅಂತ ಹೇಳಿ ಎಲ್ಲಾ ನೋಡಿದ್ದು ಯಾವ ನ್ಯಾಯ?"

ಅವನು ಸಿಟ್ಟಿಲ್ಲದೆ ಹೇಳಿದ: "ನಾನು ಒಂದು ದಿನದ್ದೇ ಕೇಳಿದ್ದು ಮೇಡಂ. ಬೇಕಾದ್ದು ನೋಡ್ಕೋ ಅಂದಿದ್ದು ನೀವು."

ಮೇಡಂ ಫೋನು ಇಟ್ಟರು. ಜೀವನವಿಡೀ ಅವರು ಸರ್ಕಾರವೆಂದರೆ ಕದ ಒದ್ದು ಬರುವ ಬೂಟು ಎಂದುಕೊಂಡಿದ್ದರು. ಇಲ್ಲಿ ಯಾರೂ ಒದೆಯಲಿಲ್ಲ. ತಾವೇ ಬಾಗಿಲು ತೆರೆದು, ಕೂರಿಸಿ, ಚಹಾ ಕೊಟ್ಟು, ಎದುರು ಮನೆಯವನನ್ನು ಎತ್ತಿ ಕೊಟ್ಟಿದ್ದರು.

ಡಿಪೋ ಮೇಲಧಿಕಾರಿಯ ಬಳಿಗೂ ಹೋದರು. ಗ್ರೀಸಿನ ವಾಸನೆಯ ಆ ಕೋಣೆಯಲ್ಲಿ, ಅವನು ಕುಡಿದು ಬಸ್ಸು ಓಡಿಸಿದ ಒಂದೇ ಒಂದು ದೂರು ಇದೆಯೇ ಎಂದು ವಾದ ಹೂಡಿದರು. ಅಧಿಕಾರಿ ಕೇಳಿಸಿಕೊಂಡರು.

"ದೂರಿಲ್ಲ ಮೇಡಂ, ಒಳ್ಳೆ ಕೆಲಸಗಾರ. ಗೊತ್ತಾಗದೇ ಇದ್ದಿದ್ರೆ ನನಗೂ ನೆಮ್ಮದಿ ಇರ್ತಿತ್ತು. ಈಗ ಗೊತ್ತಾಗಿದೆ. ನಾಳೆ ಏನಾದ್ರೂ ಆದ್ರೆ ಬಸ್ಸಲ್ಲಿ ಕೂತವರ ಮನೆಯವರು ನನ್ನನ್ನ ಕೇಳ್ತಾರೆ."

ಮೇಡಂ ಕುರ್ಚಿ ಸರಿಸಿ ಎದ್ದರು. ಬರೆಯುವಾಗ ಎಂದೂ ಅವರ ವಾದ ಹೀಗೆ ಅರ್ಧಕ್ಕೆ ನಿಂತದ್ದಿಲ್ಲ.

ಊಟ ರುಚಿಸಲಿಲ್ಲ. ಎದುರಿನ ಗೇಟು ಸದ್ದಾದರೆ ಕಿಟಕಿಯಿಂದ ಹಿಂದೆ ಸರಿಯುತ್ತಿದ್ದರು. ಕೊನೆಗೆ ತಮಗೆ ಗೊತ್ತಿದ್ದ ಒಂದೇ ದಾರಿ ಹಿಡಿದರು: ಬರೆಯಲು ಕೂತರು. ಇನ್‌ಸ್ಪೆಕ್ಟರನ ವಿನಯ, ತಮ್ಮ ಹೆಮ್ಮೆ, ತಿಳಿಯದೆಂದು ಒಪ್ಪಿಕೊಳ್ಳಲಾರದ ಸಣ್ಣತನ, ಟೈರು ಶೆಡ್ಡು, ಒಂದನ್ನೂ ಬಿಡಲಿಲ್ಲ. ಬರೆಯುತ್ತಾ ಅತ್ತರು. ಮುಗಿಸಿದಾಗ ಮೈ ಹಗುರಾಗಿತ್ತು. ಸಂಪಾದಕರಿಗೆ ಕಳಿಸಿದ ಸ್ವಲ್ಪ ಹೊತ್ತಿಗೆ ಅವರೇ ಫೋನು ಮಾಡಿ, "ಇಷ್ಟು ವರ್ಷದಲ್ಲಿ ನೀವು ಬರ್ದಿದ್ರಲ್ಲೆಲ್ಲ ಇದೇ ಶ್ರೇಷ್ಠ ಮೇಡಂ. ಮುಖಪುಟದಲ್ಲೇ ಹಾಕ್ತೀನಿ," ಎಂದರು.

ಮೇಡಂ ತಂಗಿಗೆ ಓದಿ ಹೇಳಿದರು. ತಂಗಿ ಬಟ್ಟೆ ಮಡಚುತ್ತಾ ಕೊನೆಯವರೆಗೂ ಕೇಳಿದರು.

"ಚೆನ್ನಾಗಿದೆ. ಅವನನ್ನ ಕೇಳಿದ್ಯಾ?"

"ಹೆಸರು ಎಲ್ಲೂ ಹಾಕಿಲ್ಲ ಕಣೇ."

"ನಮ್ಮೆದುರು ಎಷ್ಟು ಜನ ಬಸ್ ಡ್ರೈವರ್ ಇದ್ದಾರೆ ಅಕ್ಕ?"

ಮೇಡಂ ಎದ್ದು ಚಪ್ಪಲಿ ಹಾಕಿಕೊಂಡರು. ರಸ್ತೆ ದಾಟುವುದು ಅಷ್ಟು ದೂರವೆಂದು ಅವರಿಗೆ ಗೊತ್ತಿರಲಿಲ್ಲ.

ಡ್ರೈವರ್ ಒಬ್ಬನೇ ಇದ್ದ. ಮಗಳ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ಎದ್ದು ಕೈ ಒರೆಸಿಕೊಂಡ. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಮೇಡಂ ನಿಂತಲ್ಲೇ ಹೇಳಿದರು.

"ಆ ವಿಡಿಯೊ ಕೊಟ್ಟಿದ್ದು ನಾನು."

"ಗೊತ್ತು ಮೇಡಂ. ಠಾಣೇಲಿ ತೋರಿಸಿದ್ರು. ನನ್ನ ಬಾಗ್ಲು ಹಾಗೆ ನೇರ ಕಾಣೋದು ನಿಮ್ಮನೆಯಿಂದ ಮಾತ್ರ."

"ಗೊತ್ತಿದ್ದೂ ನೀವು ಒಂದು ಮಾತು ಕೇಳ್ಲಿಲ್ಲ."

"ಕೇಳಿ ಏನ್ಮಾಡ್ಲಿ?" ಅವನು ಪೆಡಲನ್ನು ಕೈಯಿಂದ ಒಮ್ಮೆ ತಿರುಗಿಸಿದ. "ಟೈರು ಶೆಡ್ಡು ಪರವಾಗಿಲ್ಲ. ಕೆಲಸ ಕೆಲಸವೇ. ಮನೇಲಿ ಮಾತ್ರ ಕಷ್ಟ ಆಗಿದೆ. ನಾನು ಬಂದ ಕೂಡ್ಲೆ ಅವಳು ಏನೋ ನೆಪ ಮಾಡ್ಕೊಂಡು ಹತ್ರ ಬಂದು ಮೂಸ್ತಾಳೆ. ಪಾಪ, ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ದಾಳೆ. ಮುಂಚೆ ಬಾಗಿಲು ತೆಗೆದು ಸುಮ್ನೆ ಒಳಗೆ ಹೋಗ್ತಿದ್ಲು. ಹಾಗೆ ಸುಮ್ನೆ ಹೋಗ್ತಿದ್ಲಲ್ಲ, ಅದಕ್ಕೋಸ್ಕರವೇ ನಾನು ಹೇಳದೆ ಇದ್ದಿದ್ದು. ಇನ್ನೊಂದೆರಡು ವರ್ಷ ಗಟ್ಟಿ ನಿಂತ್ಕೊಂಡು ಆಮೇಲೆ ನಾನೇ ಹೇಳೋಣ ಅಂತಿದ್ದೆ."

ಮೇಡಂ ಕ್ಷಮಿಸಿ ಎಂದರು. ಅಷ್ಟು ಚಿಕ್ಕ ಮಾತು ಅಷ್ಟು ದೊಡ್ಡ ಹಾನಿಯ ಮುಂದೆ ನಿಲ್ಲಲಾರದೆ ಒದ್ದಾಡಿತು. ಆಮೇಲೆ, ಇನ್ನೇನಾದರೂ ಕೊಡಬೇಕೆಂಬ ಅವಸರದಲ್ಲಿ, ಬರಹದ ವಿಷಯ ಹೇಳಿದರು. ತಪ್ಪೆಲ್ಲ ನನ್ನದೇ ಎಂದು ಬರೆದಿದ್ದೇನೆ, ಊರಿಗೆಲ್ಲ ತಿಳಿಯುತ್ತದೆ, ಡಿಪೋದವರೂ ಓದುತ್ತಾರೆ ಎಂದರು.

ಅವನ ಮುಖದಲ್ಲಿ ಅಲ್ಲಿಯವರೆಗೆ ಇಲ್ಲದ ಗಾಬರಿ ಕಂಡಿತು.

"ಬೇಡ ಮೇಡಂ. ದಯವಿಟ್ಟು ಬೇಡ. ಬೀದೀಲಿ ಇವರಿಗೆ ಅರ್ಧ ಗೊತ್ತು, ಅವರಿಗೆ ಕಾಲು ಗೊತ್ತು. ಮಗಳಿಗೆ ಏನೂ ಗೊತ್ತಿಲ್ಲ. ಕಳ್ಳನ ಬದಲು ಅಪ್ಪನ್ನ ಹಿಡಿದ್ರು, ಆಮೇಲೆ ಬಿಟ್ರು ಅಂತಷ್ಟೇ ಅಂದ್ಕೊಂಡಿದ್ದಾಳೆ. ನೀವು ಬರೆದ್ರೆ ಅವಳ ಶಾಲೇಲಿ ಓದ್ತಾರೆ." ಧ್ವನಿ ತಗ್ಗಿಸಿ ಹೇಳಿದ: "ನಿಮಗೆ ಹಗುರ ಆಗ್ಬಹುದು ಮೇಡಂ. ಆದ್ರೆ ಅದು ನನ್ನ ವಿಷಯ."

ಮನೆಗೆ ಬಂದು ಮೇಡಂ ಸಂಪಾದಕರಿಗೆ ಫೋನು ಮಾಡಿದರು. ಪುಟ ಸಿದ್ಧವಾಗಿದೆ, ಹೆಸರಿಲ್ಲವಲ್ಲ, ಇಂಥ ಬರಹ ಜನರ ಕಣ್ಣು ತೆರೆಸುತ್ತದೆ, ಇದು ನಿಮ್ಮೊಬ್ಬರದಲ್ಲ, ಸಮಾಜದ್ದು ಎಂದು ಅವರು ಬಗೆಬಗೆಯಾಗಿ ಹೇಳಿದರು. ಒಂದೊಂದು ವಾದವೂ ಮೇಡಂಗೆ ಸರಿಯಾಗಿಯೇ ಕೇಳಿಸಿತು. ಬರಹ ಒಳ್ಳೆಯದಿತ್ತು ಎಂಬುದು ಅವರಿಗೂ ಗೊತ್ತಿತ್ತು. ಹಾಕಿಬಿಡಿ ಎಂಬ ಮಾತು ಒಂದು ಕ್ಷಣ ಬಾಯಿಗೆ ಬಂತು.

"ಬೇಡ," ಎಂದರು. "ಅದು ನನ್ನ ವಿಷಯ ಅಲ್ಲ."

ಆ ವಾರ ಅವರ ಜಾಗದಲ್ಲಿ ಹಲ್ಲಿನ ಆರೈಕೆಯ ಬಗ್ಗೆ ವೈದ್ಯರೊಬ್ಬರ ಸಲಹೆ ಬಂತು. ಮುಂದಿನ ವಾರಗಳಲ್ಲಿ ಮೇಡಂ ಬರೆಯಲು ಕೂತಾಗಲೆಲ್ಲ 'ಹಕ್ಕು' ಎಂಬ ಪದ ಬರೆದು ಹೊಡೆದುಹಾಕುತ್ತಿದ್ದರು. ಅಭಿಪ್ರಾಯ ಬದಲಾಗಿರಲಿಲ್ಲ, ಅದನ್ನು ಹೇಳುವ ಮುಖ ಉಳಿದಿರಲಿಲ್ಲ. ಕಡೆಗೆ, ಆರೋಗ್ಯ ಸರಿಯಿಲ್ಲವೆಂದು ಹೇಳಿ ಅಂಕಣ ನಿಲ್ಲಿಸಿದರು. ಬಾಗಿಲ ಕ್ಯಾಮೆರಾವನ್ನು ತಂಗಿಯೇ ಕೇಳದೆ ಬಿಚ್ಚಿಟ್ಟರು.

ಬೇಸಿಗೆಗೆ ಡ್ರೈವರನಿಗೆ ಮತ್ತೆ ಬಸ್ಸು ಕೊಟ್ಟರೆಂದು ಸುದ್ದಿ ಬಂತು, ಚಿಕ್ಕ ಮಾರ್ಗವೊಂದರಲ್ಲಿ. ಅವನ ಮನೆಯೊಳಗೆ ಏನಾಯಿತು, ಹೆಂಡತಿ ಈಗಲೂ ಹತ್ತಿರ ಬಂದು ಮೂಸುತ್ತಾಳೋ ಇಲ್ಲವೋ, ಮೇಡಂಗೆ ತಿಳಿಯದು. ತಿಳಿದುಕೊಳ್ಳಲು ಹೋಗಲೂ ಇಲ್ಲ.

ಒಂದು ಸಂಜೆ ಬೇಕರಿಯ ಸಾಲಿನಲ್ಲಿ ಹಿಂದಿನ ಬೀದಿಯ ಹೆಂಗಸೊಬ್ಬರು ಹತ್ತಿರ ಸರಿದು ಕಿವಿಯಲ್ಲಿ ಕೇಳಿದರು: "ನಿಮ್ಮೆದುರು ಮನೆಯವರದ್ದು ಏನೋ ಆಗಿತ್ತಂತಲ್ಲ ಮೇಡಂ? ನಿಮಗೆ ಗೊತ್ತಿರ್ಲೇಬೇಕು."

ಸಾಲಿನಲ್ಲಿದ್ದವರೆಲ್ಲ ಮೈಯೆಲ್ಲ ಕಿವಿಯಾದರು.

"ನನಗೆ ಗೊತ್ತಿಲ್ಲ," ಎಂದರು ಮೇಡಂ.

"ಅಯ್ಯೋ, ಎದುರಿಗೇ ಇದ್ದೀರಲ್ಲ."

"ಇದ್ದೀನಿ. ಗೊತ್ತಿಲ್ಲ."

ಆ ಹೆಂಗಸು ಮೂತಿ ತಿರುಗಿಸಿ, ಇವರಿಗೆ ವಯಸ್ಸಾಯಿತು ಎಂಬಂತೆ ಪಕ್ಕದವರತ್ತ ನೋಡಿ ನಕ್ಕರು. ಮೇಡಂ ತಲೆ ತಗ್ಗಿಸಿ ನಿಂತು ತಮ್ಮ ಸರದಿಗೆ ಕಾದರು.